ಬೊಹೀಮಿಯಾದ ಹಳೆಯ ಕಲಾಗಾಜು ಸಂಗ್ರಹಿಸುವವರಿಗೆ: ಮೊದಲು ತಳ ನೋಡಿ, ಹೆಸರು ಆಮೇಲೆ

ಹಳೇ ಸಾಮಾನಿನ ಅಂಗಡಿಯಲ್ಲಿ ಕೆಂಪು ಗಾಜಿನ ಹೂದಾನಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಅಂಗಡಿಯವರು "ಬೆಲ್ಜಿಯಂ ಗ್ಲಾಸ್ ಸಾರ್, ನೂರೈವತ್ತು ವರ್ಷದ್ದು" ಅನ್ನುತ್ತಾರೆ. ನಮ್ಮಲ್ಲಿ ಹಳೆಯ ಬಣ್ಣದ ಗಾಜೆಲ್ಲ ಬೆಲ್ಜಿಯಂನದ್ದೇ! ಅದೇ ಹೂದಾನಿ ಯುರೋಪಿನ ಆನ್‌ಲೈನ್ ಹರಾಜಿಗೆ ಬಂದರೆ 'ಲೋಟ್ಸ್' ಅಥವಾ 'ಮೋಸರ್' ಆಗಿಬಿಡುತ್ತದೆ, ಎರಡೂ ಬೊಹೀಮಿಯಾದ ದೊಡ್ಡ ಗಾಜಿನ ಕಂಪನಿಗಳ ಹೆಸರು. ಎರಡೂ ಕಡೆ ಮಾರಾಟವಾಗುತ್ತಿರುವುದು ಗಾಜಲ್ಲ, ಹೆಸರು.

ಬೊಹೀಮಿಯಾದ ಹಳೆಯ ಗಾಜಿನಲ್ಲಿ ಬಹುಪಾಲಿಗೆ ಸಹಿಯೇ ಇರುವುದಿಲ್ಲ. ಸಹಿ ಇದ್ದರೂ ಅದನ್ನು ಆಮೇಲೆ ಯಾರೋ ಕೆತ್ತಿರಬಹುದು. ಆದ್ದರಿಂದ ಇಲ್ಲಿ ಉಲ್ಟಾ ದಾರಿ ಹಿಡಿಯೋಣ. ಮೊದಲು ತಳ, ಆಮೇಲೆ ಬಣ್ಣ, ಆಮೇಲೆ ಕೆಲಸದ ರೀತಿ. ಹೆಸರು ಎಲ್ಲಕ್ಕಿಂತ ಕೊನೆಗೆ. ಈ ಕ್ರಮದಲ್ಲಿ ಹೋದರೆ ದುಡ್ಡು ಉಳಿಯುತ್ತದೆ, ಕಣ್ಣೂ ಪಳಗುತ್ತದೆ.

ಹೆಜ್ಜೆ 1: ಊರುಗಳನ್ನು ಎರಡೆರಡು ಹೆಸರಲ್ಲಿ ಕಲಿಯಿರಿ

ಬೊಹೀಮಿಯಾ ಅಂದರೆ ಇವತ್ತಿನ ಚೆಕ್ ಗಣರಾಜ್ಯದ ಪಶ್ಚಿಮ ಭಾಗ. 1918ರವರೆಗೆ ಅದು ಹ್ಯಾಬ್ಸ್‌ಬರ್ಗ್ ಅರಸರ ಆಸ್ಟ್ರಿಯಾ ಸಾಮ್ರಾಜ್ಯದೊಳಗಿತ್ತು. ಆಮೇಲೆ ಚೆಕೊಸ್ಲೊವಾಕಿಯಾ ಆಯಿತು. 1993ರಿಂದ ಚೆಕ್ ಗಣರಾಜ್ಯ. ಹಳೆಯ ಗಾಜಿನ ಕಾರ್ಖಾನೆಗಳ ಒಡೆಯರಲ್ಲಿ, ಕೆಲಸಗಾರರಲ್ಲಿ ಬಹಳ ಜನ ಜರ್ಮನ್ ಮಾತಾಡುವವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವರನ್ನು ದೇಶದಿಂದ ಹೊರಗೆ ಕಳಿಸಿದರು, ಕಾರ್ಖಾನೆಗಳು ಸರ್ಕಾರದ ಪಾಲಾದವು. ಹಾಗಾಗಿ ಒಂದೇ ಊರಿಗೆ ಜರ್ಮನ್ ಹೆಸರೊಂದು, ಚೆಕ್ ಹೆಸರೊಂದು. ಹರಾಜಿನ ಪಟ್ಟಿಗಳಲ್ಲಿ ಎರಡೂ ಬರುತ್ತವೆ. ಗೊತ್ತಿಲ್ಲದಿದ್ದರೆ ಒಂದೇ ಊರನ್ನು ಎರಡು ಊರು ಅಂದುಕೊಳ್ಳುತ್ತೀರಿ.

ಇಷ್ಟು ನೆನಪಿಡಿ. ಹೈಡಾ ಅಂದರೆ ನೊವಿ ಬೋರ್. ಷ್ಟೈನ್‌ಶೋನೌ ಅಂದರೆ ಕಾಮೆನಿಟ್ಸ್ಕಿ ಶೆನೋವ್. ಇವೆರಡೂ ಉತ್ತರ ಬೊಹೀಮಿಯಾದ ಅಕ್ಕಪಕ್ಕದ ಊರುಗಳು, ಗಾಜಿಗೆ ಬಣ್ಣ ಹಾಕುವ, ಕೊರೆಯುವ, ಕೆತ್ತುವ ಮನೆಗಳಿಗೆ ಹೆಸರಾದವು. ಕಾಮೆನಿಟ್ಸ್ಕಿ ಶೆನೋವ್‌ನಲ್ಲಿ 1856ರಲ್ಲೇ ಗಾಜಿನ ಕೆಲಸ ಕಲಿಸುವ ಶಾಲೆ ಶುರುವಾಗಿತ್ತು. ಗಾಬ್ಲೊನ್ಸ್ ಅಂದರೆ ಯಾಬ್ಲೊನೆತ್ಸ್, ಮಣಿ ಮತ್ತು ಬಳೆಯ ಊರು. ಅಲ್ಲಿಂದ ಭಾರತಕ್ಕೆ ಗಾಜಿನ ಬಳೆಗಳು ರಾಶಿರಾಶಿಯಾಗಿ ಬರುತ್ತಿದ್ದವು. ನೊಯ್‌ವೆಲ್ಟ್ ಅಂದರೆ ಹರ್ರಾಖೊವ್. ಅಲ್ಲಿನ ಗಾಜಿನ ಮನೆಯ ದಾಖಲೆ 1712ರಿಂದ ಸಿಗುತ್ತದೆ. ಕಾರ್ಲ್ಸ್‌ಬಾಡ್ ಅಂದರೆ ಕಾರ್ಲೋವಿ ವಾರಿ, ಬಿಸಿನೀರ ಬುಗ್ಗೆಗಳ ಊರು, ಮೋಸರ್ ಕಂಪನಿಯ ಊರು. ದಕ್ಷಿಣದ ಶುಮಾವಾ ಕಾಡಿನಲ್ಲಿರುವ ಕ್ಲೋಸ್ಟರ್‌ಮ್ಯೂಲೆ ಅಂದರೆ ಕ್ಲಾಷ್ಟರ್ಸ್ಕಿ ಮ್ಲೀನ್. ಅದು ಲೋಟ್ಸ್‌ನ ಜಾಗ.

ಗಾಜಿನ ಕೆಲಸ ಅಲ್ಲೇ ಯಾಕೆ ಬೆಳೆಯಿತು ಅಂದರೆ, ಕಾಡಿತ್ತು. ಕುಲುಮೆಗೆ ಸೌದೆ ಸಿಗುತ್ತಿತ್ತು, ಮರಳು ಕರಗಿಸಲು ಬೇಕಾದ ಪೊಟ್ಯಾಷ್ ಅದೇ ಮರದ ಬೂದಿಯಿಂದ ಸಿಗುತ್ತಿತ್ತು. 17ನೇ ಶತಮಾನದ ಕೊನೆಗೆ ಪೊಟ್ಯಾಷ್ ಜೊತೆ ಸೀಮೆಸುಣ್ಣ ಸೇರಿಸಿ ಕರಗಿಸುವುದನ್ನು ಕಲಿತರು. ಬಂದದ್ದು ತಿಳಿಯಾದ, ಗಟ್ಟಿಯಾದ ಗಾಜು. ವೆನಿಸ್‌ನ ಗಾಜು ತೆಳು, ಸಾಣೆಚಕ್ರಕ್ಕೆ ಒಡ್ಡಿದರೆ ತಡೆಯುವುದು ಕಷ್ಟ. ಬೊಹೀಮಿಯಾದ್ದು ದಪ್ಪ, ಆಳವಾಗಿ ಕೊರೆಯಬಹುದು. ಅದಕ್ಕೂ ಮೊದಲೇ, 1609ರಲ್ಲಿ, ಪ್ರಾಗ್‌ನ ಎರಡನೇ ರುಡಾಲ್ಫ್ ಚಕ್ರವರ್ತಿ ಕಾಸ್ಪರ್ ಲೇಮನ್ ಅನ್ನುವವನಿಗೆ ಗಾಜಿನ ಮೇಲೆ ಕೆತ್ತುವ ವಿಶೇಷ ಹಕ್ಕು ಕೊಟ್ಟಿದ್ದ. ಕೈಗೆ ಕೆಲಸ ಗೊತ್ತಿತ್ತು, ತಕ್ಕ ಗಾಜು ಆಮೇಲೆ ಬಂತು.

ಹೆಜ್ಜೆ 2: ಚೀಲದಲ್ಲಿ ಇಷ್ಟಿರಲಿ

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಬಿಳಿ ಬೆಳಕಿನ ಸಣ್ಣ ಟಾರ್ಚ್, 365 ನ್ಯಾನೋಮೀಟರಿನ ಅತಿನೇರಳೆ ಟಾರ್ಚ್, ಅಳತೆ ಪಟ್ಟಿ, ಮೆತ್ತನೆಯ ಹತ್ತಿಬಟ್ಟೆ. ಜೊತೆಗೆ ಫೋನು ಇದ್ದೇ ಇರುತ್ತದೆ. ಮುಟ್ಟುವ ಮುಂಚೆ ಉಂಗುರ, ಬಳೆ, ಲೋಹದ ಪಟ್ಟಿಯ ವಾಚು ತೆಗೆದಿಡಿ. ಅಂಗಡಿಯಲ್ಲಿ ಗೀರು ಬಿದ್ದರೆ ಅದಕ್ಕೂ ದುಡ್ಡು ನೀವೇ ಕೊಡಬೇಕು. ಹೂದಾನಿಯನ್ನು ಕತ್ತು ಹಿಡಿದು ಎತ್ತಬೇಡಿ, ಹಿಡಿ ಹಿಡಿದಂತೂ ಬೇಡವೇ ಬೇಡ. ಒಂದು ಕೈ ತಳಕ್ಕೆ, ಒಂದು ಕೈ ಹೊಟ್ಟೆಗೆ.

ಹೆಜ್ಜೆ 3: ತಿರುಗಿಸಿ ತಳ ಓದಿ

ಮುಂದಿನ ಭಾಗವನ್ನು ಮಾಡಿದವನು ನಿಮಗೆ ತೋರಿಸಲಿಕ್ಕೆಂದೇ ಮಾಡಿರುತ್ತಾನೆ. ತಳವನ್ನು ಹಾಗೆ ಮಾಡಿರುವುದಿಲ್ಲ. ಅದಕ್ಕೇ ಅಲ್ಲಿ ನಿಜ ಸಿಗುತ್ತದೆ.

ಮೊದಲು ನಡುವೆ ನೋಡಿ. ಊದಿ ಮಾಡಿದ ಗಾಜಿಗೆ ಬಾಯಿ ತಿದ್ದುವಾಗ ತಳಕ್ಕೆ ಒಂದು ಕಬ್ಬಿಣದ ಸಲಾಕೆ ಅಂಟಿಸಿ ಹಿಡಿಯುತ್ತಾರೆ. ಕೆಲಸ ಮುಗಿದ ಮೇಲೆ ಸಲಾಕೆ ಮುರಿದು ತೆಗೆದಾಗ ಒರಟು ಗುರುತು ಉಳಿಯುತ್ತದೆ. ಒಳ್ಳೆಯ ಮನೆಗಳು ಅದನ್ನು ಸಾಣೆ ಹಿಡಿದು ನುಣುಪು ಮಾಡುತ್ತಿದ್ದವು. ಆಗ ತಳದ ನಡುವೆ ನಾಣ್ಯದಷ್ಟಗಲದ, ಒಳಕ್ಕೆ ತಗ್ಗಿದ, ಹೊಳೆಯುವ ಗುಂಡಗಿನ ಕುಳಿ ಕಾಣುತ್ತದೆ. ಲೋಟ್ಸ್‌ನ ಒಳ್ಳೆಯ ಹೂದಾನಿಗಳಲ್ಲಿ ಸಾಮಾನ್ಯವಾಗಿ ಹೀಗೇ ಇರುತ್ತದೆ. ಆದರೆ ಕುಳಿ ಇದ್ದ ಮಾತ್ರಕ್ಕೆ ಹಳೆಯದು ಅಂತಲ್ಲ, ಇವತ್ತಿನ ಊದುಗಾಜಿಗೂ ಅದೇ ಕುಳಿ ಬರುತ್ತದೆ. ಕುಳಿಯಿಂದ ತಿಳಿಯುವುದು ಇಷ್ಟೇ: ಕೈಯಲ್ಲಿ ಮಾಡಿದ್ದು, ಮುಗಿಸಲು ಸಮಯ ಕೊಟ್ಟಿದ್ದಾರೆ. ಎರಡು ಪಕ್ಕದಲ್ಲಿ ಮೇಲಿಂದ ಕೆಳಗೆ ಸಣ್ಣ ಗೆರೆ ಎದ್ದಿದ್ದರೆ ಅಚ್ಚಿನಲ್ಲಿ ಒತ್ತಿದ ಗಾಜಿರಬಹುದು.

ಆಮೇಲೆ ಸವೆತ ನೋಡಿ. ನೂರು ವರ್ಷ ಮೇಜಿನ ಮೇಲೆ, ಕಪಾಟಿನಲ್ಲಿ ಎಳೆದಾಡಿಸಿಕೊಂಡ ಗಾಜಿನ ತಳದಲ್ಲಿ ನೆಲಕ್ಕೆ ತಾಗುವ ಅಂಚಿನಲ್ಲಿ ಮಾತ್ರ ಗೀರು ಇರುತ್ತವೆ. ಭೂತಗನ್ನಡಿ ಹಿಡಿದರೆ ಗೀರುಗಳು ಒಂದೊಂದೂ ಒಂದೊಂದು ದಿಕ್ಕಿಗೆ. ಕೆಲವು ಉದ್ದ, ಕೆಲವು ಚುಕ್ಕಿಯಷ್ಟೇ, ಕೆಲವು ಮಣ್ಣು ಸೇರಿ ಕಪ್ಪಾಗಿರುತ್ತವೆ. ಒಂದೇ ಕಡೆ ಜಾಸ್ತಿ ಸವೆದಿರುವುದೂ ಉಂಟು, ಕೈಕೆಲಸದ ತಳ ಪೂರ್ತಿ ಸಪಾಟಾಗಿರುವುದು ಅಪರೂಪ. ಸ್ಯಾಂಡ್‌ಪೇಪರ್ ಉಜ್ಜಿ ಹಳೆಯದು ಮಾಡಿದ್ದರೆ ಗೀರುಗಳೆಲ್ಲ ಒಂದೇ ದಿಕ್ಕಿಗೆ, ಒಂದೇ ಆಳಕ್ಕೆ, ತಳದ ತುಂಬಾ, ನೆಲಕ್ಕೆ ತಾಗದ ತಗ್ಗಿನಲ್ಲೂ ಇರುತ್ತವೆ. ನೆಲ ಮುಟ್ಟದ ಜಾಗ ಸವೆಯುವುದು ಹೇಗೆ, ಅಲ್ವಾ?

ತಳದ ಸವೆತಕ್ಕೂ ಚಿನ್ನದ ಸವೆತಕ್ಕೂ ತಾಳೆ ನೋಡಿ. ಬಾಯಂಚಿನ ಚಿನ್ನದ ಗೆರೆ, ಹಿಡಿಯ ಮೇಲಿನ ಚಿನ್ನ ಕೈ ತಾಗುವಲ್ಲೇ ಅಳಿಸಿರಬೇಕು. ತಳ ನೂರು ವರ್ಷದ್ದು ಅನ್ನುತ್ತಿದೆ, ಚಿನ್ನ ನಿನ್ನೆ ಹಚ್ಚಿದ ಹಾಗೆ ಮಿಂಚುತ್ತಿದೆ ಅಂದರೆ ಎರಡರಲ್ಲಿ ಒಂದು ಸುಳ್ಳು.

ಕೊನೆಗೆ ಅಕ್ಷರ, ಅಂಕಿ ಹುಡುಕಿ. ಬಣ್ಣದಲ್ಲೋ ಚಿನ್ನದಲ್ಲೋ ಕೈಯಲ್ಲಿ ಬರೆದ ಸಣ್ಣ ಅಂಕಿ ಇದ್ದರೆ ಖುಷಿಪಡಿ. ಅವು ಅಲಂಕಾರದ ಮಾದರಿ ಸಂಖ್ಯೆಗಳು. ಹರ್ರಾಖೊವ್ ಊರಿನ ಹರ್ರಾಖ್‌ನಂಥ ಗಾಜಿನ ಮನೆಗಳ ಕೆಲಸ ಗುರುತಿಸಲು ಇದು ಸಹಿಗಿಂತ ಹೆಚ್ಚು ನಂಬಬಹುದಾದ ಸುಳಿವು. ಮುಚ್ಚಳದ ಸೀಸೆಯಾದರೆ ಕತ್ತಿನಲ್ಲೂ ಮುಚ್ಚಳದಲ್ಲೂ ಒಂದೇ ಅಂಕಿ ಗೀಚಿದೆಯೇ ನೋಡಿ. ಬೇರೆ ಇದ್ದರೆ ಮುಚ್ಚಳ ಇನ್ನೊಂದು ಸೀಸೆಯದು.

ಹೆಜ್ಜೆ 4: ಬಣ್ಣ ಎಲ್ಲಿದೆ ಅಂತ ಕಂಡುಹಿಡಿಯಿರಿ

ಬೆಲೆಯಲ್ಲಿ ಅತಿ ದೊಡ್ಡ ಅಂತರ ಬರುವುದು ಇಲ್ಲೇ. ಕೆಂಪು ಗಾಜು ಮೂರು ಬಗೆಯಲ್ಲಿ ಕೆಂಪಾಗಬಹುದು.

ಒಂದು, ಗಾಜೇ ಕೆಂಪು. ಒಳಗೂ ಹೊರಗೂ ಅದೇ ಬಣ್ಣ. ಎಷ್ಟು ಕೊರೆದರೂ ಒಳಗಿಂದ ಬೇರೆ ಬಣ್ಣ ಬರುವುದಿಲ್ಲ.

ಎರಡು, ಪದರದ ಗಾಜು. ತಿಳಿ ಗಾಜಿನ ಮೇಲೆ ಕೆಂಪು ಗಾಜಿನ ಪದರ, ಕೆಲವೊಮ್ಮೆ ನಡುವೆ ಹಾಲುಬಿಳಿ ಪದರ. ಬಿಸಿಯಿದ್ದಾಗಲೇ ಒಂದರ ಮೇಲೊಂದು ಹಚ್ಚಿ ಊದುತ್ತಾರೆ. ತಣ್ಣಗಾದ ಮೇಲೆ ಮೇಲಿನ ಪದರವನ್ನು ಸಾಣೆಯಲ್ಲಿ ಕೊರೆದರೆ ಕೆಳಗಿನದು ಕಾಣುತ್ತದೆ. 1840ರಿಂದ 1860ರ ಸುಮಾರಿನ ಕೆಂಪು ಮೇಲೆ ಬಿಳಿ, ನೀಲಿ ಮೇಲೆ ಬಿಳಿ ಹೂದಾನಿಗಳನ್ನು ನೋಡಿ. ಕಮಾನಿನ ಆಕಾರದ ಕಿಟಕಿಗಳು, ಸುತ್ತ ಚಿನ್ನದ ಬಳ್ಳಿ, ನಡುವೆ ಹೂಗುಚ್ಛದ ಚಿತ್ರ.

ಮೂರು, ಬಣ್ಣ ಸುಟ್ಟ ಗಾಜು. ತಿಳಿ ಗಾಜಿನ ಮೈಮೇಲೆ ಲೋಹದ ಲೇಪ ಹಚ್ಚಿ ಗೂಡಿನಲ್ಲಿ ಸುಟ್ಟರೆ ಬಣ್ಣ ಮೇಲ್ಮೈಯಲ್ಲಿ ಇಳಿದು ಕೂರುತ್ತದೆ. ಬೆಳ್ಳಿಯಿಂದ ಹಳದಿ, ತಾಮ್ರದಿಂದ ಕೆಂಪು. ಇದನ್ನು ಪಳಗಿಸಿದವನು ನೊವಿ ಬೋರ್‌ನ ಫ್ರೀಡ್ರಿಖ್ ಎಗರ್ಮನ್ (1777–1864). ಹಳದಿ ಮೊದಲು ಬಂತು, ಕೆಂಪು 1830ರ ದಶಕದಲ್ಲಿ. ಅಮೃತಶಿಲೆಯ ಹಾಗೆ, ಬಣ್ಣದ ಕಲ್ಲಿನ ಹಾಗೆ ಕಾಣುವ ಲಿಥ್ಯಾಲಿನ್ ಗಾಜೂ ಅವನದೇ. ಅದಕ್ಕಿಂತ ಮುಂಚೆ, 1817ರಲ್ಲಿ, ದಕ್ಷಿಣ ಬೊಹೀಮಿಯಾದ ಕೌಂಟ್ ಬುಕ್ವಾ ತನ್ನ ಕಾರ್ಖಾನೆಯಲ್ಲಿ ಹ್ಯಾಲಿತ್ ಅನ್ನುವ ಕಡುಕಪ್ಪು ಗಾಜು ಮಾಡಿಸಿದ್ದ. ಲಿಥ್ಯಾಲಿನ್, ಹ್ಯಾಲಿತ್ ಎರಡೂ ಇವತ್ತು ಸಾಮಾನ್ಯರ ಕೈಗೆಟುಕುವುದು ಕಷ್ಟ. ಮ್ಯೂಸಿಯಂನಲ್ಲಿ ನೋಡಿ ಸಂತೋಷಪಡಿ.

ಪರೀಕ್ಷೆ ಸುಲಭ. ಕೊರೆದ ಜಾಗದ ಅಂಚನ್ನು ಭೂತಗನ್ನಡಿಯಲ್ಲಿ ಪಕ್ಕದಿಂದ ನೋಡಿ. ಪದರದ ಗಾಜಾದರೆ ಅಂಚಿನಲ್ಲಿ ಬಣ್ಣಕ್ಕೆ ದಪ್ಪ ಇರುತ್ತದೆ, ಮೆಟ್ಟಿಲಿನ ಹಾಗೆ ಕಾಣುತ್ತದೆ. ಬಣ್ಣ ಸುಟ್ಟಿದ್ದಾದರೆ ದಪ್ಪವೇ ಕಾಣುವುದಿಲ್ಲ, ಪಾದದ ಅಂಚಿನಲ್ಲಿ ಸವೆದು ತಿಳಿ ಗಾಜು ಇಣುಕುತ್ತಿರುತ್ತದೆ. ಬೆಳಕಿಗೆ ಹಿಡಿದರೆ ಬಣ್ಣ ಅಲ್ಲಲ್ಲಿ ತುಸು ಕಿತ್ತಳೆಗೆ ತಿರುಗಿರುವುದೂ ಉಂಟು.

ಈಗ ಒಂದು ಎಚ್ಚರಿಕೆ. ಕೆಂಪು ಸುಟ್ಟ ಗಾಜಿನ ಮೇಲೆ ಜಿಂಕೆ, ಕಾಡು, ಕೋಟೆ, ಹಕ್ಕಿ, ದ್ರಾಕ್ಷಿ ಬಳ್ಳಿ ಕೆತ್ತಿದ ಹೂದಾನಿ, ಲೋಟಗಳು ಎಲ್ಲೆಲ್ಲೂ ಸಿಗುತ್ತವೆ. 19ನೇ ಶತಮಾನದಲ್ಲಿ ಶುರುವಾದ ಈ ಮಾದರಿ 20ನೇ ಶತಮಾನದುದ್ದಕ್ಕೂ ತಯಾರಾಗಿದೆ, ಈಗಲೂ ಪ್ರವಾಸಿಗಳಿಗಾಗಿ ತಯಾರಾಗುತ್ತಿದೆ. 'ಪುರಾತನ' ಅಂತ ಮಾರುವ ಕೆಂಪು ಗಾಜಿನಲ್ಲಿ ಇದರ ಪಾಲು ದೊಡ್ಡದು. ಹಳೆಯದರಲ್ಲಿ ಕೆತ್ತನೆಗೆ ಆಳ ಇರುತ್ತದೆ, ಜಿಂಕೆಯ ಮೈಗೆ ಉಬ್ಬುತಗ್ಗು ಇರುತ್ತದೆ, ಕಾಲಿನ ಕೀಲು ಎಲ್ಲಿ ಮಡಚುತ್ತದೆ ಅಂತ ಗೊತ್ತಾಗುತ್ತದೆ. ಹೊಸದರಲ್ಲಿ ಜಿಂಕೆ ನಾಲ್ಕು ಗೀಟಿನಲ್ಲಿ ಮುಗಿದಿರುತ್ತದೆ. ಕೊರೆತದ ಅಂಚಿನ ಮೇಲೆ ಬೆರಳು ಸವರಿ ನೋಡಿ. ಹಳೆಯ ಕೆಲಸದಲ್ಲಿ ಮರದ ಚಕ್ರದಿಂದ ಹೊಳಪು ಕೊಡುತ್ತಿದ್ದರು, ಅಂಚು ಚುರುಕಾಗಿ ಬೆರಳಿಗೆ ತಾಗುತ್ತದೆ. ಆಸಿಡ್‌ನಲ್ಲಿ ಅದ್ದಿ ಹೊಳಪು ಕೊಟ್ಟಿದ್ದರೆ ಅಂಚು ಕರಗಿದ ಹಾಗೆ ಮೆತ್ತಗಿರುತ್ತದೆ.

ಹೆಜ್ಜೆ 5: ನವಿಲುಗರಿ ಬಣ್ಣದ ಗಾಜು ಬಂದಾಗ ಆತುರ ಬೇಡ

ಜನ ಮರುಳಾಗುವುದು ಇದಕ್ಕೇ. ಎಣ್ಣೆ ಬಿದ್ದ ನೀರಿನ ಹಾಗೆ ನೀಲಿ, ಹಸಿರು, ಚಿನ್ನದ ಬಣ್ಣ ಹೊರಳುವ ಹೂದಾನಿ. ಇದರಲ್ಲಿ ದೊಡ್ಡ ಹೆಸರು ಲೋಟ್ಸ್. ಯೋಹಾನ್ ಲೋಟ್ಸ್ ತೀರಿಕೊಂಡ ಮೇಲೆ ಹೆಂಡತಿ ಸುಸಾನೆ ಕಾರ್ಖಾನೆ ನಡೆಸಿದಳು. ಕಂಪನಿಯ ಹೆಸರೇ 'ಯೋಹಾನ್ ಲೋಟ್ಸ್‌ನ ವಿಧವೆ' ಅಂತ ಉಳಿಯಿತು. 1879ರಲ್ಲಿ ಮೊಮ್ಮಗ ಮ್ಯಾಕ್ಸ್ ಫಾನ್ ಷ್ಪೌನ್ ಕೈಗೆ ಬಂತು. ಅವನ ಕಾಲದಲ್ಲಿ 'ಫೆನೊಮೆನ್' ಅನ್ನುವ ಸಾಲು ಹೊರಬಂತು. ಬಿಸಿ ಗಾಜಿನ ಮೇಲೆ ಬೇರೆ ಬಣ್ಣದ ಗಾಜಿನ ಎಳೆ ಸುತ್ತಿ, ಕೊಕ್ಕೆಯಿಂದ ಎಳೆದು ಅಲೆ ಎಬ್ಬಿಸಿ, ಲೋಹದ ಲವಣಗಳ ಹೊಗೆ ಕೊಟ್ಟು ಹೊಳಪು ಬರಿಸುತ್ತಿದ್ದರು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇದಕ್ಕೆ ಅತ್ಯುನ್ನತ ಬಹುಮಾನ ಬಂತು. ವಿಯೆನ್ನಾದ ಕೊಲೊಮನ್ ಮೋಸರ್, ಯೋಸೆಫ್ ಹಾಫ್‌ಮನ್ ಅಂಥವರು ಲೋಟ್ಸ್‌ಗೆ ವಿನ್ಯಾಸ ಮಾಡಿದರು. ಈ ಕೊಲೊಮನ್ ಮೋಸರ್‌ಗೂ ಕಾರ್ಲೋವಿ ವಾರಿಯ ಮೋಸರ್ ಕಂಪನಿಗೂ ಸಂಬಂಧ ಇಲ್ಲ, ಗೊಂದಲ ಬೇಡ. ಪರ್ಷಿಯಾದ ಪನ್ನೀರುದಾನಿಯ ಆಕಾರದಲ್ಲಿ, ಹಂಸದ ಕತ್ತಿನ ಹಾಗೆ ಬಾಗಿದ ಹೂದಾನಿಗಳನ್ನೂ ಅಲ್ಲಿ ಮಾಡಿದರು. ಕಾರ್ಖಾನೆ 1947ರಲ್ಲಿ ಮುಚ್ಚಿತು.

ತೊಂದರೆ ಏನೆಂದರೆ, ಇದೇ ಹೊಳಪಿನ ಗಾಜನ್ನು ಆಗ ಇನ್ನೂ ಹಲವರು ಮಾಡುತ್ತಿದ್ದರು. ವಿಲ್ಹೆಲ್ಮ್ ಕ್ರಾಲಿಕ್, ರಿಂಡ್ಸ್‌ಕೋಫ್, ಪಾಲ್ಮೆ-ಕೋನಿಗ್ ಇವು ಮುಖ್ಯವಾದವು. ಇವುಗಳಿಗೂ ಸಾಮಾನ್ಯವಾಗಿ ಸಹಿ ಇಲ್ಲ. ಹಾಗಾಗಿ ಹೊಳೆಯುವುದೆಲ್ಲ ಲೋಟ್ಸ್ ಆಗಿಬಿಟ್ಟಿದೆ. ತಮಾಷೆ ನೋಡಿ, ಹಿಂದೆ ಲೋಟ್ಸ್ ಹೂದಾನಿಗಳ ತಳಕ್ಕೆ ಅಮೆರಿಕದ ಹೆಸರಾಂತ ಗಾಜು ತಯಾರಕ ಟಿಫಾನಿಯ ಸಹಿ ಕೆತ್ತಿ ಮಾರುತ್ತಿದ್ದರು. ಈಗ ಬೇರೆಯವರ ಗಾಜಿಗೆ ಲೋಟ್ಸ್ ಸಹಿ ಕೆತ್ತುತ್ತಾರೆ.

ಹೇಗೆ ಬೇರ್ಪಡಿಸುವುದು? ಪಾಲ್ಮೆ-ಕೋನಿಗ್ ತುಸು ಸುಲಭ. ಮೈಮೇಲೆಲ್ಲ ಅಡ್ಡಾದಿಡ್ಡಿ ಹರಿದ, ಬೆರಳಿಗೆ ಸಿಗುವ ಗಾಜಿನ ಎಳೆಗಳ ಬಲೆ ಅವರ ಗುರುತು. ಉಳಿದವಕ್ಕೆ ಆಕಾರ ಮತ್ತು ಅಲಂಕಾರ ಎರಡನ್ನೂ ಒಟ್ಟಿಗೆ ತಾಳೆ ಹಾಕಬೇಕು. ಲೋಟ್ಸ್ ಕಾರ್ಖಾನೆಯ ಕಾಗದದ ಮಾದರಿಗಳು ಉಳಿದುಕೊಂಡಿವೆ. ಪ್ರತಿ ಆಕಾರಕ್ಕೂ ಒಂದು ಉತ್ಪಾದನಾ ಸಂಖ್ಯೆ ಇದೆ. ಮಾರುವವರು ಲೋಟ್ಸ್ ಅಂದರೆ ಎರಡೇ ಪ್ರಶ್ನೆ ಕೇಳಿ: ಅಲಂಕಾರದ ಹೆಸರೇನು, ಆಕಾರದ ಸಂಖ್ಯೆ ಏನು? ಎರಡಕ್ಕೂ ಉತ್ತರ ಬಂದರೆ ಮಾತು ಮುಂದುವರಿಸಿ. ಬರಲಿಲ್ಲವೆಂದರೆ ಕ್ರಾಲಿಕ್ ಬೆಲೆಗೆ ಮಾತ್ರ ಕೇಳಿ. ನನ್ನ ಅಭಿಪ್ರಾಯದಲ್ಲಿ ಹೊಸಬರಿಗೆ ಕ್ರಾಲಿಕ್ ಗಾಜೇ ವಾಸಿ. ನೋಡಲಿಕ್ಕೆ ಚೆನ್ನ, ಬೆಲೆ ಕಮ್ಮಿ, ನಕಲಿ ಮಾಡುವವರಿಗೆ ಅದರಲ್ಲಿ ಆಸಕ್ತಿಯೂ ಕಮ್ಮಿ.

ಹೆಜ್ಜೆ 6: ಬೆಳಕು ಬದಲಿಸಿ ನೋಡಿ

ಕತ್ತಲಲ್ಲಿ ಅತಿನೇರಳೆ ಟಾರ್ಚ್ ಬಿಟ್ಟಾಗ ಗಾಜು ಕಡುಹಸಿರಾಗಿ ಉರಿದರೆ ಅದರಲ್ಲಿ ಯುರೇನಿಯಂ ಇದೆ. ಬೊಹೀಮಿಯಾದ ರೀಡೆಲ್ ಮನೆತನದವರು 1830ರ ದಶಕದಲ್ಲಿ ಯುರೇನಿಯಂ ಸೇರಿಸಿ ಹಳದಿ ಮತ್ತು ಹಸಿರು ಗಾಜು ಮಾಡಿದರು. ಮನೆಯ ಹೆಣ್ಣುಮಗಳು ಆನಾಳ ಹೆಸರನ್ನೇ ಅದಕ್ಕಿಟ್ಟು 'ಆನಾ ಹಳದಿ', 'ಆನಾ ಹಸಿರು' ಅಂದರು. ಅದಿರು ಬೊಹೀಮಿಯಾದಲ್ಲೇ, ಯಾಖಿಮೊವ್ ಗಣಿಯಲ್ಲಿ ಸಿಗುತ್ತಿತ್ತು. ಮೇರಿ ಕ್ಯೂರಿ ರೇಡಿಯಂ ತೆಗೆದದ್ದೂ ಅದೇ ಗಣಿಯ ಅದಿರಿನ ಉಳಿಕೆಯಿಂದ. ಕಪಾಟಿನಲ್ಲಿಡಲು ಯುರೇನಿಯಂ ಗಾಜು ಹೆದರಬೇಕಾದ್ದಲ್ಲ. ಆದರೆ ಅದರಲ್ಲಿ ನಿಂಬೆ ಪಾನಕ, ಮಜ್ಜಿಗೆ ಹಾಕಿ ಕುಡಿಯಬೇಡಿ, ಹುಳಿ ತಾಗಿಸಬೇಡಿ. ಮಂಕಾದ ತಿಳಿಹಸಿರು ಬಂದರೆ ಅದು ಮ್ಯಾಂಗನೀಸ್ ಇರಬಹುದು. ಯುರೇನಿಯಂ ಇದ್ದರೂ ಹಳೆಯದು ಅಂತ ಆಗುವುದಿಲ್ಲ, ಈಗಲೂ ಮಾಡುವವರಿದ್ದಾರೆ.

ಇದೇ ಟಾರ್ಚ್‌ಗೆ ಇನ್ನೊಂದು ಉಪಯೋಗ ಇದೆ, ಅದೇ ಹೆಚ್ಚಿನದು. ಮುರಿದು ಅಂಟಿಸಿದ ಜಾಗದಲ್ಲಿ ಗೋಂದು ಬಿಳಿಯಾಗಿಯೋ ನೀಲಿಯಾಗಿಯೋ ಹೊಳೆದು ಸಿಕ್ಕಿಬೀಳುತ್ತದೆ.

ಮೋಸರ್ ಕಂಪನಿ 1920ರ ದಶಕದಲ್ಲಿ ನಿಯೋಡಿಮಿಯಂ ಸೇರಿಸಿ 'ಅಲೆಕ್ಸಾಂಡ್ರೈಟ್' ಗಾಜು ಮಾಡಿತು. ಬಿಸಿಲಲ್ಲಿ ತಿಳಿ ನೇರಳೆ, ಟ್ಯೂಬ್‌ಲೈಟಿನಲ್ಲಿ ನೀಲಿ. ಅಂಗಡಿಯಲ್ಲಿ ನೀಲಿ ಕಂಡದ್ದನ್ನು ಬಾಗಿಲಿಗೆ ತಂದು ನೋಡಿ. ಈ ಗುಣ ನಿಯೋಡಿಮಿಯಂ ಇದೆ ಅಂತ ಮಾತ್ರ ಹೇಳುತ್ತದೆ, ಮೋಸರ್ ಅಂತ ಅಲ್ಲ. ಮೋಸರ್ ಬಗ್ಗೆ ಇನ್ನೊಂದು ಮಾತು. 1857ರಲ್ಲಿ ಲುಡ್ವಿಗ್ ಮೋಸರ್ ಶುರುಮಾಡಿದಾಗ ಅದು ಅಲಂಕಾರ ಮಾಡುವ, ಮಾರುವ ಅಂಗಡಿ ಮಾತ್ರ. ಸ್ವಂತ ಕುಲುಮೆ ಬಂದದ್ದು 1893ರಲ್ಲಿ. ಅದಕ್ಕೂ ಮುಂಚಿನ ಮೋಸರ್ ತುಂಡುಗಳ ಗಾಜು ಬೇರೆಯವರದು, ಮೇಲಿನ ಬಣ್ಣ ಮತ್ತು ಚಿನ್ನ ಮಾತ್ರ ಅವರದು. ಮೋಸರ್ ಗಾಜಿನಲ್ಲಿ ಸೀಸ ಇಲ್ಲ.

ಹೆಜ್ಜೆ 7: ಈಗ ಗುರುತು, ಸಹಿ ನೋಡಿ

ಅಮೆರಿಕದ 1890ರ ಸುಂಕದ ಕಾನೂನು ಬಂದಮೇಲೆ ಅಲ್ಲಿಗೆ ಹೋಗುವ ಮಾಲಿನ ಮೇಲೆ ದೇಶದ ಹೆಸರು ಬೇಕಾಯಿತು. ಹಾಗಾಗಿ ತಳದಲ್ಲಿ 'ಆಸ್ಟ್ರಿಯಾ' ಇದ್ದರೆ 1890ರ ದಶಕದಿಂದ 1918ರೊಳಗಿನದು ಇರಬಹುದು. 'ಚೆಕೊಸ್ಲೊವಾಕಿಯಾ' ಇದ್ದರೆ 1918ರಿಂದ 1992ರವರೆಗೆ, ಅಂದರೆ ನಿಮ್ಮಜ್ಜಿ ಹುಟ್ಟುವ ಮುಂಚಿನದೂ ಆಗಬಹುದು, ನಿಮ್ಮ ಕಾಲೇಜು ದಿನಗಳದೂ ಆಗಬಹುದು. ಗುರುತೇ ಇಲ್ಲದಿದ್ದರೆ ಯಾವ ತೀರ್ಮಾನಕ್ಕೂ ಬರಬೇಡಿ.

ಕೆತ್ತಿದ ಸಹಿಯನ್ನು ಭೂತಗನ್ನಡಿಯಲ್ಲಿ ನೋಡಿ. ತಳದ ಹಳೆಯ ಗೀರುಗಳು ಸಹಿಯ ಮೇಲೆ ಹಾದುಹೋಗಿರಬೇಕು. ಸಹಿಯೇ ಗೀರುಗಳನ್ನು ಕತ್ತರಿಸಿಕೊಂಡು ಹೋಗಿದ್ದರೆ, ಸವೆತ ಮೊದಲು, ಸಹಿ ಆಮೇಲೆ. ವಾಪಸ್ ಇಡಿ.

ಬಿಳಿ ಬಣ್ಣದಲ್ಲಿ ಮಕ್ಕಳ ಚಿತ್ರ ಬರೆದ ಗಾಜಿಗೆ 'ಮೇರಿ ಗ್ರೆಗರಿ' ಅಂತ ಕರೆಯುತ್ತಾರೆ. ಅಮೆರಿಕದ ಆ ಹೆಸರಿನ ಕಲಾವಿದೆಗೂ ಇದಕ್ಕೂ ಸಂಬಂಧ ಇಲ್ಲ. ಹಳೆಯವು ಬಹಳಷ್ಟು ಬೊಹೀಮಿಯಾದವೇ. ಹಸಿರು ಮಲಕೈಟ್ ಕಲ್ಲಿನಂತೆ ಕಾಣುವ ಅಚ್ಚಿನ ಗಾಜು 1930ರ ದಶಕದಲ್ಲಿ ಯಾಬ್ಲೊನೆತ್ಸ್‌ನ ಹೆನ್ರಿ ಷ್ಲೆವೊಗ್ಟ್ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಹಳೆಯ ಅಚ್ಚುಗಳು ಮುಂದೆಯೂ ಕೆಲಸ ಮಾಡಿವೆ. ಹಾಗಾಗಿ 1934ರದ್ದು ಅಂತ ಹೇಳಿದರೆ ಸುಮ್ನೆ ನಂಬಬೇಡಿ.

ಹೆಜ್ಜೆ 8: ಒಂದು ದಾರಿ ಆರಿಸಿಕೊಂಡು ಕೊಳ್ಳಿ

ಎಲ್ಲವನ್ನೂ ಸಂಗ್ರಹಿಸಲು ಹೊರಟರೆ ಮನೆ ಪಾತ್ರೆ ಅಂಗಡಿ ಆಗುತ್ತದೆ. ಶುರುವಿಗೆ ನನ್ನ ಸಲಹೆ ಬುಗ್ಗೆಯೂರುಗಳ ಲೋಟಗಳು. ಕಾರ್ಲೋವಿ ವಾರಿ, ಫ್ರಾಂಟಿಷ್ಕೊವಿ ಲಾಜ್ನ್ಯೆ, ಟೆಪ್ಲಿತ್ಸೆ ಕಡೆಗೆ ನೀರು ಕುಡಿದು ಆರೋಗ್ಯ ಸುಧಾರಿಸಿಕೊಳ್ಳಲು ಬಂದವರು ನೆನಪಿಗೆ ಕೊಂಡು ಹೋದವು. ಹಳದಿ ಅಥವಾ ಕೆಂಪು ಸುಟ್ಟ, ಪಟ್ಟೆಪಟ್ಟೆಯಾಗಿ ಕೊರೆದ ದಪ್ಪ ಲೋಟ, ಒಂದೊಂದು ಪಟ್ಟೆಯಲ್ಲೂ ಊರಿನ ಒಂದೊಂದು ಕಟ್ಟಡ. ಕಟ್ಟಡ ಯಾವಾಗ ಕಟ್ಟಿದ್ದು ಅಂತ ಹುಡುಕಿದರೆ ಲೋಟ ಅದಕ್ಕಿಂತ ಮುಂಚಿನದಲ್ಲ ಅಂತ ಖಾತ್ರಿ. ಚಿಕ್ಕವು, ಗಟ್ಟಿ, ಜಾಗ ತಿನ್ನುವುದಿಲ್ಲ, ಬೆಲೆಯೂ ತಲೆ ತಿರುಗಿಸುವಂಥದ್ದಲ್ಲ. ಒಳ್ಳೆಯ ಫೆನೊಮೆನ್ ಹೂದಾನಿ ಅಂದರೆ ಲಕ್ಷಗಳ ಮಾತು.

ಕೊಳ್ಳುವ ಮೊದಲು ಅಸಲಿ ಗಾಜು ನೋಡಿ. ನಮಗೆ ಹತ್ತಿರದ್ದು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ, ಅಲ್ಲಿನ ಯುರೋಪಿನ ಗಾಜಿನ ವಿಭಾಗದಲ್ಲಿ ಬೊಹೀಮಿಯಾದ್ದೂ ಇದೆ. ಯುರೋಪಿನಲ್ಲಿರುವವರು, ಪ್ರವಾಸ ಹೋಗುವವರು ಪ್ರಾಗ್‌ನ ಅಲಂಕಾರ ಕಲೆಗಳ ಮ್ಯೂಸಿಯಂ, ಯಾಬ್ಲೊನೆತ್ಸ್‌ನ ಗಾಜು ಮತ್ತು ಆಭರಣಗಳ ಮ್ಯೂಸಿಯಂ, ನೊವಿ ಬೋರ್‌ನ ಗಾಜಿನ ಮ್ಯೂಸಿಯಂ ನೋಡಬಹುದು. ಬೊಹೀಮಿಯಾ ಗಾಜಿಗೆ ಗಡಿಯಾಚೆ ಜರ್ಮನಿಯ ಪಾಸೌ ಊರಿನ ಗಾಜಿನ ಮ್ಯೂಸಿಯಂ ದೊಡ್ಡ ಜಾಗ.

ಭಾರತದಲ್ಲಿ ಕೊಳ್ಳುವವರಿಗೆ ಮುಂಬೈಯ ಚೋರ್ ಬಜಾರ್, ಚೆಟ್ಟಿನಾಡಿನ ಕಾರೈಕುಡಿ, ಕೊಚ್ಚಿಯ ಯಹೂದಿ ಬೀದಿ ಇವೆ. ದೊಡ್ಡ ಮನೆಗಳು ಖಾಲಿಯಾದಾಗ ಇಲ್ಲಿಗೆ ಗಾಜು ಬರುತ್ತದೆ. ಹುಕ್ಕಾದ ಬುಡಗಳು ಕಣ್ಣಿಗೆ ಬಿದ್ದರೆ ಬಿಡಬೇಡಿ. ಅವುಗಳಲ್ಲಿ ಕೆಲವು ಪರ್ಷಿಯಾ ಮತ್ತು ಭಾರತದ ಮಾರುಕಟ್ಟೆಗೆಂದೇ ಬೊಹೀಮಿಯಾದಲ್ಲಿ ಮಾಡಿ ಕಳಿಸಿದಂಥವು. ನಮ್ಮ ನೆಲದಲ್ಲೇ ಸಿಗುವುದು ಅವುಗಳ ವಿಶೇಷ.

ಯುರೋಪಿನ ಹರಾಜಿನಲ್ಲಿ ಕೂಗಿದ ಬೆಲೆ ಪೂರ್ತಿ ಬೆಲೆಯಲ್ಲ. ಅದರ ಮೇಲೆ ಹರಾಜು ಮನೆಯ ಪಾಲು ಸಾಮಾನ್ಯವಾಗಿ ನೂರಕ್ಕೆ 20ರಿಂದ 30, ಆಮೇಲೆ ಪ್ಯಾಕಿಂಗು, ವಿಮೆ, ಸಾಗಣೆ, ಇಲ್ಲಿನ ಕಸ್ಟಮ್ಸ್ ಸುಂಕ. ಎಲ್ಲ ಕೂಡಿಸಿ, ಆಮೇಲೆ ಕೈ ಎತ್ತಿ. ತಳದ ಫೋಟೋ, ಬಾಯಂಚಿನ ಫೋಟೋ, ಬಿಸಿಲಿನಲ್ಲಿ ತೆಗೆದ ಫೋಟೋ, ಎತ್ತರ, ತೂಕ ಇಷ್ಟನ್ನು ಕೇಳಿ ಪಡೆಯಿರಿ. ತಳದ ಫೋಟೋ ಕೊಡದವರ ಹತ್ತಿರ ವ್ಯವಹಾರ ಬೇಡ. ಚೆಕ್ ದೇಶದಲ್ಲೇ ಕೊಂಡರೆ ಹೊರಗೆ ಒಯ್ಯಲು ಪ್ರಮಾಣಪತ್ರ ಬೇಕೇ ಅಂತ ದುಡ್ಡು ಕೊಡುವ ಮುಂಚೆ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ.

ಹೆಜ್ಜೆ 9: ಪೆಟ್ಟು ಹುಡುಕಿ

ಕಣ್ಣು ಮುಚ್ಚಿ ಬಾಯಂಚಿನ ಸುತ್ತ ಬೆರಳಿನ ತುದಿಯನ್ನು ಹಗುರವಾಗಿ ಓಡಿಸಿ. ಸಣ್ಣ ಚಕ್ಕೆ ಎದ್ದದ್ದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಅಂಚು ಒಂದು ಕಡೆ ತೆಳು, ಒಂದು ಕಡೆ ದಪ್ಪ, ಮೇಲ್ಭಾಗ ಹರಿತ ಅನ್ನಿಸಿದರೆ ಒಡೆದ ಬಾಯನ್ನು ಸಾಣೆ ಹಿಡಿದು ಗಿಡ್ಡ ಮಾಡಿರಬಹುದು. ಹೂದಾನಿಯ ಅಳತೆ ಹೊಂದುತ್ತಿಲ್ಲ ಅನ್ನಿಸುವುದು ಇದೇ ಕಾರಣಕ್ಕೆ. ಬಿರುಕಿಗೆ ಟಾರ್ಚನ್ನು ಒಳಗಿಂದ ಹಿಡಿದು ಹೊರಗಿಂದ ನೋಡಿ.

ಒಳಗೆ ಬೆಳ್ಳಗೆ ಮಂಜು ಕಟ್ಟಿದ್ದರೆ ಒದ್ದೆ ಮಾಡಿ ನೋಡಬೇಡಿ, ಒಣಗಿಸಿ ನೋಡಿ. ಒದ್ದೆಯಿದ್ದಾಗ ಮಂಜು ಮಾಯವಾಗುತ್ತದೆ, ಆ ಉಪಾಯ ಮಾರುವವರಿಗೂ ಗೊತ್ತು. ವರ್ಷಗಟ್ಟಲೆ ನೀರು ನಿಂತು ಗಾಜಿನ ಮೈ ತಿಂದಿದ್ದರೆ ತೊಳೆದರೆ ಹೋಗುವುದಿಲ್ಲ. ಸಹಿ ಇಲ್ಲದ ಸಾಧಾರಣ ತುಂಡಿಗೆ ಚಕ್ಕೆ ಎದ್ದಿದ್ದರೆ ಬಿಡಿ, ಇನ್ನೊಂದು ಸಿಗುತ್ತದೆ. ಅಪರೂಪದ್ದಾದರೆ ಚೌಕಾಸಿ ಮಾಡಿ ತೆಗೆದುಕೊಳ್ಳಿ.

ಹೆಜ್ಜೆ 10: ತೊಳೆಯುವುದು, ಇಡುವುದು

ಸಿಂಕಿನಲ್ಲಿ ತೊಳೆಯಬೇಡಿ. ಪ್ಲಾಸ್ಟಿಕ್ ಟಬ್ಬಿನೊಳಗೆ ದಪ್ಪ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಸೌಮ್ಯ ಸೋಪು. ಒಂದು ಸಲಕ್ಕೆ ಒಂದೇ ತುಂಡು. ಹುಣಸೆಹಣ್ಣು, ನಿಂಬೆ, ಸಬೀನಾ ಪುಡಿ, ಸ್ಕ್ರಬ್ಬರ್ ಹತ್ತಿರವೂ ತರಬೇಡಿ, ಹಿತ್ತಾಳೆ ತಿಕ್ಕುವ ಕೈ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಚಿನ್ನದ ಗೆರೆ ಒಂದೇ ಉಜ್ಜಿಗೆ ಹೋದರೆ ಮತ್ತೆ ಬಾರದು. ಮನೆಕೆಲಸಕ್ಕೆ ಬರುವವರಿಗೆ ಇದನ್ನು ಒಪ್ಪಿಸಲೇಬೇಡಿ, ಒಡೆದರೆ ಇಬ್ಬರಿಗೂ ಸಂಕಟ. ಚಿನ್ನ, ಬಣ್ಣದ ಚಿತ್ರ ಇದ್ದರೆ ನೀರಿನಲ್ಲಿ ನೆನೆಸಿಡಬೇಡಿ. ಲೋಹದ ಪಟ್ಟಿ ಕೂರಿಸಿದ್ದರೆ, ಅಂಟಿಸಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕಪಾಟು ಕಿಟಕಿಯ ಎದುರು ಬೇಡ. ಒಳಗೆ ಎಲ್‌ಇಡಿ ದೀಪ ಇರಲಿ, ಬಿಸಿಯಾಗುವ ಹ್ಯಾಲೋಜನ್ ಬೇಡ. ತುಂಡುಗಳು ಒಂದಕ್ಕೊಂದು ತಾಗಬಾರದು. ಗಾಜಿನ ಹಲಗೆಯ ಮೇಲೆ ಗಾಜು ಇಟ್ಟರೆ ಕಂಪನಕ್ಕೆ ನಿಧಾನವಾಗಿ ಜರುಗುತ್ತದೆ. ಗಣೇಶನ ಮೆರವಣಿಗೆಯ ಡಿಜೆ ಮನೆ ಮುಂದೆ ಹಾದುಹೋಗುವ ಬೀದಿಯಾದರೆ ತಳದಡಿ ಮ್ಯೂಸಿಯಂ ಮೇಣದ ಸಣ್ಣ ಉಂಡೆ ಅಂಟಿಸಿ. ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ಕಪಾಟಿನೊಳಗೆ ಸಿಲಿಕಾ ಜೆಲ್ ಇಡಿ. ಸೀಸೆಗಳ ಮುಚ್ಚಳ ಬಿಗಿಯಾಗಿ ಹಾಕಿಡಬೇಡಿ, ಒಳಗೆ ತೇವ ನಿಂತರೆ ಮಂಜು ಕಟ್ಟುತ್ತದೆ.

ಹೆಜ್ಜೆ 11: ದಾಖಲೆ ಮತ್ತು ಕಾನೂನು

ಒಂದು ನೋಟ್‌ಬುಕ್ಕೋ ಎಕ್ಸೆಲ್ ಹಾಳೆಯೋ ಇರಲಿ. ಪ್ರತಿ ತುಂಡಿಗೂ ಎತ್ತರ, ತೂಕ, ತ‌ಳದ ಫೋಟೋ, ಎಲ್ಲಿ ಕೊಂಡದ್ದು, ಎಷ್ಟಕ್ಕೆ, ರಸೀದಿ, ಏನೇನು ಪೆಟ್ಟು. 'ತಯಾರಕರು' ಅನ್ನುವ ಕಾಲಂ ಅನ್ನು ಪೆನ್ಸಿಲ್‌ನಲ್ಲಿ ತುಂಬಿಸಿ. ಅದು ಬದಲಾಗುತ್ತಿರುತ್ತದೆ.

ಭಾರತದ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು 'ಪುರಾತನ ವಸ್ತು' ಆಗಬಹುದು. ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ವಿದೇಶದಲ್ಲಿ ತಯಾರಾದದ್ದು ಅನ್ನುವುದನ್ನು ನೆಚ್ಚಿಕೊಂಡು ವಿಮಾನ ಹತ್ತಬೇಡಿ. ಅಮೆರಿಕದಲ್ಲಿರುವ ಮಗಳಿಗೆ ಅಜ್ಜಿಯ ಹೂದಾನಿ ಕೊಡಬೇಕೆಂದಿದ್ದರೆ ಮೊದಲು ಭಾರತೀಯ ಪುರಾತತ್ವ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಅದು ಪುರಾತನ ವಸ್ತು ಅಲ್ಲ ಅಂತ ಪ್ರಮಾಣಪತ್ರ ಸಿಕ್ಕಿದರೆ ಮಾತ್ರ ಪೆಟ್ಟಿಗೆ ಕಟ್ಟಿ. ವಿದೇಶದಿಂದ ತಂದದ್ದಾದರೆ ಕಸ್ಟಮ್ಸ್ ರಸೀದಿಯನ್ನು ಜೋಪಾನ ಮಾಡಿ. 1920ರ ದಶಕದ ತುಂಡುಗಳು ಈಗ ಒಂದೊಂದಾಗಿ ನೂರು ದಾಟುತ್ತಿವೆ, ಹಾಗಾಗಿ ದಾಖಲೆಯಲ್ಲಿ ತಯಾರಾದ ವರ್ಷದ ಅಂದಾಜನ್ನೂ, ಆ ಅಂದಾಜಿಗೆ ಆಧಾರ ಏನು ಅನ್ನುವುದನ್ನೂ ಬರೆದಿಡಿ.